ಕೀವರ್ಡ್ ಬಾಕ್ಸಿನಲ್ಲಿ ‘ದಲಿತ’ ಅಂತ ಬರೀಬೇಕಾ, ಬೇಡವಾ?

ಪೋಸ್ಟ್ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ. ಅರ್ಧ ಓದಿ ಜಗಳಕ್ಕೆ ಬರಬೇಡಿ, ಅಷ್ಟೆ.

ನಮ್ಮ ಕಡೆಯ ಏಳೆಂಟು ಹುಡುಗ ಹುಡುಗಿಯರು ಒಂದು ವರ್ಷದಿಂದ ಫೋಟೊ ತೆಗೆದು ಸ್ಟಾಕ್ ಸೈಟುಗಳಿಗೆ ಹಾಕ್ತಾ ಇದ್ದಾರೆ. ಜೊತೆಗೆ ನಾನೂ ಇದ್ದೀನಿ. ಇದು ಗೊತ್ತಾದ ಮೇಲೆ ಸಂಘಟನೆಯ ಹಳೇ ಗೆಳೆಯರೊಬ್ಬರು ಫೋನ್ ಮಾಡಿ ‘ಏನಪ್ಪಾ, ಹೋರಾಟ ಬಿಟ್ಟು ಫೋಟೊ ವ್ಯಾಪಾರಕ್ಕೆ ಇಳಿದ್ಯಂತೆ’ ಅಂದ್ರು. ತಮಾಷೆಗೆ ಅಂದದ್ದೇ. ಆದರೆ ಉತ್ತರ ಮಾತ್ರ ತಮಾಷೆಯಾಗಿ ಕೊಡೋ ಹಾಗಿಲ್ಲ. ಅದಕ್ಕೇ ಬರೀತಾ ಇದ್ದೀನಿ.

ಸ್ಟಾಕ್ ಫೋಟೊ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಮೊದಲೇ ತೆಗೆದು ಒಂದು ದೊಡ್ಡ ಉಗ್ರಾಣಕ್ಕೆ ಹಾಕಿಟ್ಟ ಫೋಟೊಗಳು ಅವು. ಪತ್ರಿಕೆಯವರು, ಜಾಹೀರಾತಿನವರು, ಪುಸ್ತಕಕ್ಕೆ ಮುಖಪುಟ ಮಾಡೋರು, ಬ್ಯಾಂಕಿಗೆ ಕರಪತ್ರ ಮಾಡಿಕೊಡೋರು ದುಡ್ಡು ಕೊಟ್ಟು ಅಲ್ಲಿಂದ ಇಳಿಸಿಕೊಳ್ತಾರೆ. ಇಳಿಸಿಕೊಂಡಾಗೆಲ್ಲ ಫೋಟೊ ತೆಗೆದವರಿಗೆ ಒಂದು ಪಾಲು ಹೋಗುತ್ತೆ. ಶಟರ್‌ಸ್ಟಾಕ್, ಅಡೋಬ್ ಸ್ಟಾಕ್, ಗೆಟ್ಟಿ ಇಮೇಜಸ್, ನಮ್ಮ ದೇಶದ್ದೇ ಆದ ಇಮೇಜಸ್‌ಬಜಾರ್, ಹೀಗೆ ಬೇಕಾದಷ್ಟಿವೆ.

ಇಂಥ ಒಂದು ಸೈಟಿಗೆ ಹೋಗಿ ‘ಇಂಡಿಯನ್ ಫ್ಯಾಮಿಲಿ’ ಅಂತ ಇಂಗ್ಲಿಷಿನಲ್ಲಿ ಹುಡುಕಿ. ಆಮೇಲೆ ‘ದಲಿತ್’ ಅಂತ ಹುಡುಕಿ. ನಾನು ಹುಡುಕಿದಾಗ ಮೊದಲನೇದಕ್ಕೆ ಬಂದದ್ದು ಬಿಳಿ ಸೋಫಾ, ಬೆಳ್ಳಗಿರೋ ಅಪ್ಪ ಅಮ್ಮ, ಒಂದು ಗಂಡು ಒಂದು ಹೆಣ್ಣು, ಹಿಂದೆ ನಿಂತ ಅಜ್ಜ ಅಜ್ಜಿ, ಎಲ್ಲರ ಬಾಯಲ್ಲೂ ಟೂತ್‌ಪೇಸ್ಟ್ ನಗು. ಎರಡನೇದಕ್ಕೆ ಬಂದದ್ದು ಪೊರಕೆ, ಮೆರವಣಿಗೆ, ಪೊಲೀಸ್ ಲಾಠಿ, ಮೇಣದಬತ್ತಿ, ಸೆರಗು ಬಾಯಿಗೆ ಹಿಡಿದು ಅಳ್ತಾ ಇರೋ ಹೆಂಗಸು.

ಹಾಗಾದ್ರೆ ಎರಡನೇದು ಸುಳ್ಳಾ? ಸುಳ್ಳಲ್ಲ. 2013ರ ಕಾಯ್ದೆ ಬಂದ ಮೇಲೂ ಮ್ಯಾನ್‌ಹೋಲಿನಲ್ಲಿ ನಮ್ಮವರು ಸಾಯ್ತಾನೇ ಇದ್ದಾರೆ. ಅದನ್ನು ಜಗತ್ತಿಗೆ ತೋರಿಸಿದ ಕ್ಯಾಮೆರಾಗಳಿಗೆ ನಾನು ಕೈಮುಗೀತೀನಿ. ಮುಂಬೈ ಪೌರಕಾರ್ಮಿಕರ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸುಧಾರಕ್ ಓಲ್ವೆ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ತಮಿಳುನಾಡಿನ ಎಂ. ಪಳನಿ ಕುಮಾರ್ ‘ಕಕ್ಕೂಸ್’ ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಹಿಡಿದವರು, ಈಗಲೂ ಆ ಜನರ ಜೊತೆಗೇ ಇದ್ದಾರೆ. ಅವರ ಫೋಟೊ ನೋಡಿದ್ರೆ ತೆಗೆದವರು ಆ ಮನೆಯಲ್ಲಿ ಕೂತು ಮಾತಾಡಿದ್ದಾರೆ, ಟೀ ಕುಡಿದಿದ್ದಾರೆ ಅಂತ ಗೊತ್ತಾಗುತ್ತೆ. ಅದು ಬೇರೆ ಕೆಲಸ, ಅದು ನಡೀಬೇಕು. ನಾನು ಹೇಳ್ತಾ ಇರೋದು ಉಗ್ರಾಣದ ಕಥೆ.

ಆ ಉಗ್ರಾಣದಲ್ಲಿ ಎರಡು ವಿಭಾಗ. ಒಂದು ಕಮರ್ಷಿಯಲ್, ಇನ್ನೊಂದು ಎಡಿಟೋರಿಯಲ್. ಗುರುತು ಸಿಗೋ ಹಾಗೆ ಮನುಷ್ಯರ ಮುಖ ಇದ್ದರೆ, ಅವರು ‘ಮಾಡೆಲ್ ರಿಲೀಸ್’ ಅನ್ನೋ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರೆ ಮಾತ್ರ ಅದು ಕಮರ್ಷಿಯಲ್. ಜಾಹೀರಾತಿಗೆ ಹೋಗೋದು ಅದು. ಸಹಿ ಇಲ್ಲದಿದ್ದರೆ ಎಡಿಟೋರಿಯಲ್, ಅಂದ್ರೆ ಸುದ್ದಿಗೆ, ಲೇಖನಕ್ಕೆ ಮಾತ್ರ. ಈಗ ಆ ಎರಡು ಹುಡುಕಾಟಕ್ಕೆ ವಾಪಸ್ ಹೋಗಿ. ಸೋಫಾ ಮೇಲೆ ಕೂತವರು ಕಮರ್ಷಿಯಲ್. ಅಳ್ತಾ ಇರೋ ಹೆಂಗಸು ಎಡಿಟೋರಿಯಲ್. ಸೋಫಾದವರನ್ನು ಯಾರೋ ಕರೆದಿದ್ದಾರೆ, ಕೇಳಿದ್ದಾರೆ, ಕಾಗದ ಓದಿಸಿದ್ದಾರೆ, ಕೂಲಿ ಕೊಟ್ಟಿದ್ದಾರೆ. ನಮ್ಮವಳ ಹತ್ತಿರ ಅಂಥ ಸಹಿ ಯಾರೂ ತಗೊಂಡಿಲ್ಲ. ಸುದ್ದಿ ಫೋಟೊಗೆ ಸಹಿ ಬೇಕಿಲ್ಲ, ನಿಯಮವೇ ಹಾಗಿದೆ, ಒಪ್ತೀನಿ. ಆದರೆ ಒಂದು ಇಡೀ ಜನಸಮುದಾಯದ ಮುಖ ಹೆಚ್ಚು ಪಾಲು ಸಹಿ ಇಲ್ಲದ ವಿಭಾಗದಲ್ಲೇ ಸಿಗುತ್ತೆ ಅಂದ್ರೆ ಅದಕ್ಕೇನು ಹೇಳೋಣ?

ನಮ್ಮ ಹುಡುಗರು ಈ ಕೆಲಸಕ್ಕೆ ಕೈಹಾಕಿದ್ದು ಇಲ್ಲಿಂದ. ದುಡ್ಡಿನ ಆಸೆಯೂ ಇತ್ತು, ಅದನ್ನು ಮುಚ್ಚಿಡೋದೇಕೆ. ಇವರಲ್ಲಿ ಇಬ್ಬರು ಮದುವೆ ಸ್ಟುಡಿಯೋಗಳಲ್ಲಿ ಲೈಟ್ ಹಿಡಿಯೋ ಕೆಲಸ ಮಾಡಿದವರು. ಮಂಟಪಕ್ಕೆ ಹತ್ತೋ ಮೊದಲು ‘ನಿಮ್ದು ಯಾವ ಊರು, ಯಾವ ಪೈಕಿ’ ಅಂತ ಕೇಳಿಸಿಕೊಂಡವರು. ಸ್ಟಾಕ್ ಫೋಟೊ ಕೊಳ್ಳೋನು ಬರ್ಲಿನ್‌ನಲ್ಲೋ ಬೆಂಗಳೂರಿನಲ್ಲೋ ಕೂತಿರ್ತಾನೆ, ತೆಗೆದವನ ಪೈಕಿ ಯಾವುದು ಅಂತ ಅವನಿಗೆ ತಿಳಿಯಲ್ಲ. ಈ ಒಂದು ಕಾರಣಕ್ಕೇ ಅವರಿಗೆ ಇದು ಹಿಡಿಸ್ತು.

ಶುರುವಿನಲ್ಲಿ ಕಲಿತದ್ದು ಬೆಳಕು. ಕಪ್ಪು ಮೈಬಣ್ಣಕ್ಕೆ ಬೆಳಕು ಕೊಡೋದು ಯಾರೂ ಹೇಳಿಕೊಡಲ್ಲ, ಕಪ್ಪನ್ನು ಬಿಳಿ ಮಾಡೋದನ್ನು ಮಾತ್ರ ಎಲ್ಲ ಸ್ಟುಡಿಯೋದಲ್ಲೂ ಹೇಳಿಕೊಡ್ತಾರೆ. ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆಸಿಕೊಂಡು ಬಂದ್ರೆ ನಮ್ಮ ಮುಖ ನಮಗೇ ಗುರುತು ಸಿಗಲ್ಲ, ಹಾಗೆ ಬೆಳ್ಳಗೆ ಮಾಡಿರ್ತಾರೆ. ಈ ರೋಗ ನಮ್ಮೂರಿನದಷ್ಟೇ ಅಲ್ಲ. ಕೊಡಕ್ ಕಂಪನಿ ಬಹಳ ವರ್ಷ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡ್ ಕಳಿಸ್ತಿತ್ತು, ಅದರಲ್ಲಿ ಬಿಳಿ ಹೆಂಗಸೊಬ್ಬಳ ಫೋಟೊ. ‘ಶರ್ಲಿ ಕಾರ್ಡ್’ ಅಂತ ಹೆಸರು. ಶರ್ಲಿಯ ಚರ್ಮ ಸರಿಯಾಗಿ ಬಂದ್ರೆ ಬಣ್ಣ ಸರಿ ಇದೆ ಅಂತ ಲೆಕ್ಕ, ಕರಿಯರ ಮುಖ ಹೇಗೆ ಬಂದ್ರೂ ಸರಿ. ಮೊಬೈಲ್ ಕಾಲದಲ್ಲೂ ಗೂಗಲ್ ಪಿಕ್ಸೆಲ್ ಫೋನು ಎಲ್ಲ ಮೈಬಣ್ಣಕ್ಕೂ ನ್ಯಾಯ ಸಲ್ಲಿಸ್ತೀವಿ ಅಂತ ‘ರಿಯಲ್ ಟೋನ್’ ತಂದದ್ದು 2021ರಲ್ಲಿ.

ನಮ್ಮವರು ಕಂಡುಕೊಂಡ ದಾರಿ ಬಹಳ ಸರಳ. ಸುಣ್ಣದ ಗೋಡೆ ಮುಂದೆ ಯಾರನ್ನೂ ನಿಲ್ಲಿಸಬೇಡಿ. ಕ್ಯಾಮೆರಾ ಬಿಳಿ ಗೋಡೆ ನೋಡಿ ಬೆಳಕು ತಗ್ಗಿಸಿಕೊಳ್ಳುತ್ತೆ, ಮುಖ ಮಸಿ ಮೆತ್ತಿದ ಹಾಗೆ ಬರುತ್ತೆ. ಮಣ್ಣಿನ ಗೋಡೆ, ನೀಲಿ ಬಾಗಿಲು, ಹುಲ್ಲಿನ ಬಣವೆ, ಇಂಥದ್ದರ ಮುಂದೆ ಕೂರಿಸಿ. ಬಾಗಿಲ ಪಕ್ಕದಲ್ಲಿ ಒಂದು ಕಡೆಯಿಂದ ಬೆಳಕು ಬೀಳ್ಲಿ. ಇನ್ನೊಂದು ಕಡೆ ಒಂದು ಥರ್ಮೋಕೋಲ್ ಶೀಟು ಹಿಡೀರಿ, ಬೆಳಕು ವಾಪಸ್ ಬಂದು ಕೆನ್ನೆಗೆ ಬೀಳುತ್ತೆ. ಮಧ್ಯಾಹ್ನದ ಬಿಸಿಲಾದ್ರೆ ಬಿಳಿ ಪಂಚೆಯನ್ನು ಇಬ್ಬರು ತಲೆ ಮೇಲೆ ಚಪ್ಪರದ ಹಾಗೆ ಹಿಡಿದುಕೊಳ್ಳಿ. ಮೊಬೈಲ್ ಪರದೆ ಮೇಲೆ ಮುಖ ಇರೋ ಕಡೆ ಬೆರಳೊತ್ತಿ ಬೆಳಕು ಹದ ಮಾಡಿಕೊಳ್ಳಿ, ಬ್ಯೂಟಿ ಮೋಡ್ ಆರಿಸಿ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ರೆ ಒರೆಸಬೇಡಿ. ಕರಿ ಮೈಮೇಲೆ ಆ ಹೊಳಪು ಎಷ್ಟು ಚೆನ್ನಾಗಿ ಬರುತ್ತೆ ಅಂತ ನೋಡಿದವರಿಗೇ ಗೊತ್ತು.

ಆಮೇಲೆ ಪ್ರಯೋಗಗಳು. ಹಬ್ಬದ ಹಿಂದಿನ ರಾತ್ರಿ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುವಾಗ ಆ ಚರ್ಮದ ಹಿಂದಿನಿಂದ ಬೆಂಕಿಯ ಬೆಳಕು ಬರುತ್ತಲ್ಲ, ತಮಟೆ ಹುಣ್ಣಿಮೆ ಚಂದ್ರನ ಹಾಗೆ ಕೆಂಪಗೆ ಕಾಣುತ್ತೆ. ಒಬ್ಬ ಅದನ್ನು ಹಿಡಿಯೋದಕ್ಕೆ ಮೂರು ಹಬ್ಬ ಕಾದ. ಮೊದಲೆರಡು ಸಲ ಕತ್ತಲಲ್ಲಿ ಚಿತ್ರವೆಲ್ಲ ಕಾಳುಕಾಳಾಗಿ ಬಂದು ಸೈಟಿನವರು ತಿರಸ್ಕರಿಸಿದ್ರು. ಮೂರನೇ ಸಲ ಮೊಬೈಲನ್ನು ಇಟ್ಟಿಗೆ ಮೇಲಿಟ್ಟು, ಅಲುಗಾಡದ ಹಾಗೆ ಟೈಮರ್ ಹಾಕಿ ತೆಗೆದ. ತಗೊಂಡ್ರು. ಇನ್ನೊಬ್ಬಳು ಪಂಜಿನ ಮೆರವಣಿಗೆಯನ್ನು ಮನೆ ತಾರಸಿಯಿಂದ ಲಾಂಗ್ ಎಕ್ಸ್‌ಪೋಶರಿನಲ್ಲಿ ತೆಗೆದಳು. ಜನ ಕಾಣಲ್ಲ, ಬೀದಿ ತುಂಬ ಬೆಂಕಿಯ ಗೆರೆಗಳು ಮಾತ್ರ. ಮಳೆ ನಿಂತ ಮೇಲೆ ಗುಂಡಿಯ ನೀರಿನಲ್ಲಿ ನೀಲಿ ಬಾವುಟದ ನೆರಳು. ಜಿಂಕ್ ಶೀಟಿನ ತೂತುಗಳಿಂದ ಇಳಿದ ಬಿಸಿಲಕೋಲು ಓದ್ತಾ ಇರೋ ಹುಡುಗನ ಪುಸ್ತಕದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿರೋದು.

ಇದ್ದುದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ತೊಡಕಿನಿಂದ ಹುಟ್ಟಿದ ಫೋಟೊ. ನಮ್ಮ ಮನೆಗಳಲ್ಲಿ ಎಲ್ಲಿ ಕ್ಯಾಮೆರಾ ತಿರುಗಿಸಿದ್ರೂ ಗೋಡೆ ಮೇಲೆ ಬಾಬಾಸಾಹೇಬರು ಇದ್ದೇ ಇರ್ತಾರೆ. ಸ್ಟಾಕ್ ನಿಯಮದಲ್ಲಿ ಅದೇ ತೊಂದರೆ. ಗೋಡೆ ಮೇಲಿನ ಚಿತ್ರ ಯಾರೋ ಕಲಾವಿದರು ಬರೆದದ್ದು, ಅದರ ಹಕ್ಕು ಅವರದ್ದು, ಅವರ ಒಪ್ಪಿಗೆ ಪತ್ರ ಇಲ್ಲದೆ ಕಮರ್ಷಿಯಲ್ ವಿಭಾಗಕ್ಕೆ ಸೇರಲ್ಲ. ಪ್ರತಿಮೆಗೂ ಹೀಗೇ. ಬಿಸ್ಕತ್ತಿನ ಪೊಟ್ಟಣದ ಹೆಸರು, ಸಿಮೆಂಟ್ ಚೀಲದ ಗುರುತು ಅಳಿಸಬಹುದು, ಬಾಬಾಸಾಹೇಬರನ್ನು ಅಳಿಸೋಕಾಗುತ್ತಾ? ಹುಡುಗರು ಕೂತು ಯೋಚನೆ ಮಾಡಿದ್ರು. ಒಬ್ಬನ ಅಣ್ಣನ ಮದುವೆಯ ನೀಲಿ ಕೋಟು ತಂದು ಕುರ್ಚಿಗೆ ಹಾಕಿದ್ರು. ಜೇಬಿಗೆ ಒಂದು ಪೆನ್ನು. ಮುಂದೆ ಮೇಜು, ಮೇಜಿನ ಮೇಲೆ ಒಂದು ದಪ್ಪ ಪುಸ್ತಕ, ಅದರ ಮೇಲೆ ದುಂಡು ಕನ್ನಡಕ. ಕಿಟಕಿಯಿಂದ ಬೆಳಗಿನ ಬೆಳಕು. ಮನುಷ್ಯರೇ ಇಲ್ಲ. ಸೈಟಿನ ಯಂತ್ರ ಆ ಫೋಟೊಗೆ ತಾನಾಗಿ ಸೂಚಿಸಿದ ಪದಗಳು: ಕುರ್ಚಿ, ಕೋಟು, ಕನ್ನಡಕ, ಆಫೀಸು. ನಮ್ಮ ಕೇರಿಯ ಮೂರು ವರ್ಷದ ಮಗು ಅದನ್ನು ನೋಡಿ ‘ಅಂಬೇಡ್ಕರ್ ತಾತ ಎಲ್ಲೋದ್ರು’ ಅಂತು.

ಏಪ್ರಿಲ್ ಹತ್ತಿರ ಬರ್ತಿದ್ದ ಹಾಗೆ ಆ ಫೋಟೊ ಇಳಿಯೋಕೆ ಶುರುವಾಯ್ತು. ಯೋಚನೆ ಮಾಡಿ ನೋಡಿ, ದೀಪಾವಳಿಗೆ ಎಷ್ಟು ದೀಪದ ಫೋಟೊ ಬೇಕೋ ಅಷ್ಟು ಉಗ್ರಾಣದಲ್ಲಿವೆ. ಏಪ್ರಿಲ್ 14ಕ್ಕೆ, ನವೆಂಬರ್ 26ರ ಸಂವಿಧಾನ ದಿನಕ್ಕೆ, ಡಿಸೆಂಬರ್ 6ಕ್ಕೆ, ಜನವರಿ 3ರ ಸಾವಿತ್ರಿಬಾಯಿ ಫುಲೆ ಜಯಂತಿಗೆ ಇವತ್ತು ಇಲಾಖೆಗಳು, ಕಂಪನಿಗಳು, ಕಾಲೇಜುಗಳು ಪೋಸ್ಟರ್ ಮಾಡ್ತಾವೆ. ಒಳ್ಳೆ ಚಿತ್ರ ಸಿಗದೆ ಅದೇ ಸವೆದ ಚಿತ್ರ ಅಂಟಿಸ್ತಾರೆ. ಈ ದಿನಗಳು ನಮ್ಮ ಹುಡುಗರಿಗೆ ಬಾಯಿಪಾಠ. ಎರಡು ತಿಂಗಳು ಮೊದಲೇ ಹಾಕಿಟ್ರೆ ಕೊಳ್ಳೋರು ಬಂದೇ ಬರ್ತಾರೆ.

ದುಡ್ಡಿನ ವಿಷಯ ನೇರವಾಗಿ ಹೇಳಿಬಿಡ್ತೀನಿ, ಯಾರಿಗೂ ಆಸೆ ಹುಟ್ಟಿಸಿ ಕೈಕೊಡೋದು ಬೇಡ. ಇದರಲ್ಲಿ ಸಂಸಾರ ನಡೆಯಲ್ಲ. ಅಡೋಬ್ ಸ್ಟಾಕ್ ಫೋಟೊ ಬೆಲೆಯಲ್ಲಿ ಶೇ. 33 ಕೊಡುತ್ತೆ. ಶಟರ್‌ಸ್ಟಾಕ್ 2020ರ ಜೂನಿನಲ್ಲಿ ಲೆಕ್ಕ ಬದಲಾಯಿಸಿ ಶೇ. 15ರಿಂದ 40ರವರೆಗೆ ಮೆಟ್ಟಿಲು ಮಾಡ್ತು. ಪ್ರತಿ ಜನವರಿಗೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೇ ಬರಬೇಕು. ಒಂದು ಫೋಟೊಗೆ 10 ಸೆಂಟಿಗೆ ಇಳಿದ ಉದಾಹರಣೆಯೂ ಇದೆ. ದರ್ಶಿನಿಯಲ್ಲಿ ಅರ್ಧ ಕಾಫಿಯೂ ಬರಲ್ಲ ಆ ದುಡ್ಡಿಗೆ. ಪ್ರಪಂಚದ ತುಂಬ ಫೋಟೊಗ್ರಾಫರುಗಳು ಗಲಾಟೆ ಮಾಡಿದ್ರು, ಕೆಲವರು ಖಾತೆಯನ್ನೇ ಮುಚ್ಚಿದ್ರು. ಅಡೋಬಿನಲ್ಲಿ 25 ಡಾಲರ್ ಆಗೋವರೆಗೆ ಹಣ ಕೈಗೆ ಬರಲ್ಲ. ನಮ್ಮ ಗುಂಪಿನಲ್ಲಿ ಇವತ್ತಿನವರೆಗೆ ಆ ಗೆರೆ ದಾಟಿದವಳು ಒಬ್ಬಳೇ. ಡಿಗ್ರಿ ಓದ್ತಾ ಇರೋ ಹುಡುಗಿಗೆ ಪರೀಕ್ಷೆ ಶುಲ್ಕಕ್ಕೆ ಆಯ್ತು. ಸದ್ಯಕ್ಕೆ ಅಷ್ಟೇ ಹೇಳಬಲ್ಲೆ.

ಇನ್ನು ಸಹಿಯ ಮಾತು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿರುತ್ತೆ, ನಾವು ಕನ್ನಡದಲ್ಲಿ ಓದಿ ಹೇಳ್ತೀವಿ. ಒಬ್ಬ ಅಜ್ಜಿಗೆ ಹಾಗೆ ಓದಿ ಹೇಳಿದಾಗ ಅವರು ಪೆನ್ನು ಮುಟ್ಟಲಿಲ್ಲ. ‘ಹೆಬ್ಬೆಟ್ಟು ಒತ್ತಿಯೇ ಕಣಪ್ಪ ನಮ್ಮಾವ ಎರಡೆಕರೆ ಕಳಕೊಂಡಿದ್ದು’ ಅಂದ್ರು. ಸರ್ಕಾರ ಮಂಜೂರು ಮಾಡಿದ ಭೂಮಿ ಹೀಗೇ ಹೋದ ಕುಟುಂಬಗಳು ಪ್ರತಿ ಊರಲ್ಲೂ ಇವೆ. 1978ರ ಪಿಟಿಸಿಎಲ್ ಕಾಯ್ದೆ ಹಿಡಿದು ಇವತ್ತಿಗೂ ಎಸಿ ಕಚೇರಿ ಸುತ್ತೋರು ಇದ್ದಾರೆ. ನಮ್ಮ ಜನಕ್ಕೆ ಸಹಿ ಅಂದ್ರೆ ಏನನ್ನೋ ಕೊಡೋದು, ಕೊಟ್ಟದ್ದು ವಾಪಸ್ ಬರದೇ ಇರೋದು. ಈ ಪತ್ರವೂ ಅಂಥದ್ದೇ, ಸುಳ್ಳು ಹೇಳಬಾರದು. ಒಮ್ಮೆ ಮಾರಾಟವಾದ ಫೋಟೊ ಯಾವ ದೇಶದ ಯಾವ ಗೋಡೆ ಮೇಲೆ ಅಂಟುತ್ತೆ ಅಂತ ತೆಗೆದವನಿಗೂ ಗೊತ್ತಾಗಲ್ಲ. ಅಜ್ಜಿ ಕೊನೆಗೂ ಸಹಿ ಹಾಕಲಿಲ್ಲ. ಅವರ ಫೋಟೊ ಸೈಟಿಗೆ ಹೋಗಲಿಲ್ಲ. ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿ ಕೊಟ್ವಿ. ಆ ಮನೆಯಲ್ಲಿ ಅವರ ಯಜಮಾನರ ಫೋಟೊ ಇರೋದು ವೋಟರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು, ಮುಖವೆಲ್ಲ ಚುಕ್ಕೆ ಚುಕ್ಕೆ. ಎಷ್ಟು ಮನೆಗಳಲ್ಲಿ ಹೀಗಿದೆ ನೋಡಿ, ಬದುಕಿದ್ದಾಗ ತೆಗೆಸಿದ ಒಂದೇ ಫೋಟೊ ಸರ್ಕಾರದ ಕಾರ್ಡಿಗೆ.

ಅದಕ್ಕೇ ನಮ್ಮ ಗುಂಪಿನಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೀವಿ. ಸೈಟಿಗೆ ಹೋಗಲಿ ಬಿಡಲಿ, ಫೋಟೊ ತೆಗೆದ ಮನೆಗೆ ಪ್ರಿಂಟ್ ಮೊದಲು. ಸಹಿ ಹಾಕಿದವರಿಗೆ ಅವತ್ತಿನ ಕೂಲಿ ಅವತ್ತೇ, ಮಾರಾಟ ಆಗುತ್ತೋ ಇಲ್ವೋ ಅದು ನಮ್ಮ ತಲೆನೋವು.

ಈಗ ಅಸಲು ಜಗಳಕ್ಕೆ ಬರ್ತೀನಿ. ಫೋಟೊ ಹಾಕುವಾಗ ಒಂದು ಬಾಕ್ಸ್ ಬರುತ್ತೆ, ಕೀವರ್ಡ್ ಅಂತ. ಸುಮಾರು 50 ಪದ ಬರೀಬಹುದು. ಕೊಳ್ಳೋರು ಹುಡುಕೋದು ಆ ಪದಗಳಿಂದಲೇ. ಪದ ಸರಿ ಇಲ್ಲದಿದ್ರೆ ಎಂಥ ಫೋಟೊನೂ ಬಾವಿಗೆ ಹಾಕಿದ ಹಾಗೆ. ನಮ್ಮ ಹುಡುಗಿಯೊಬ್ಬಳು ತನ್ನ ಅವ್ವ ಜಗಲಿ ಮೇಲೆ ಕೂತು ಪೇಪರ್ ಓದೋ ಫೋಟೊ ತೆಗೆದಿದ್ದಳು. ಅವ್ವ ಸಹಿನೂ ಹಾಕಿದ್ರು, ತಿಳಿದೇ ಹಾಕಿದ್ರು. ಕೀವರ್ಡ್ ಬರೆಯುವಾಗ ಒಬ್ಬ ಹೇಳಿದ, ‘ದಲಿತ್ ವುಮನ್’ ಅಂತ ಹಾಕು. ‘ನಾವೇ ಹಾಕದಿದ್ರೆ ಆ ಪದದ ಕೆಳಗೆ ಪೊರಕೆ ಹಿಡಿದವರೇ ಉಳೀತಾರೆ. ಪೇಪರ್ ಓದೋರೂ ಇದ್ದಾರೆ ಅಂತ ಜನ ನೋಡ್ಲಿ.’ ಅವಳಂದಳು, ‘ನಮ್ಮವ್ವನ ಮುಖದ ಕೆಳಗೆ ಜಾತಿ ಬರೆದು ಪ್ರಪಂಚಕ್ಕೆಲ್ಲ ಮಾರ್ಲಾ? ನಾಳೆ ಯಾವನಾದ್ರೂ ಮೀಸಲಾತಿ ಬೈದು ಬರೆಯೋ ಲೇಖನಕ್ಕೆ ಅವ್ವನ ಮುಖ ಹಾಕ್ಕೊಂಡ್ರೆ?’ ಹಾಗೆ ಕೆಟ್ಟದಾಗಿ ಬಳಸಬಾರದು ಅಂತ ಲೈಸೆನ್ಸಿನಲ್ಲಿ ಬರೆದಿರುತ್ತೆ. ಬರೆದದ್ದೆಲ್ಲ ನಡೀತದೆ ಅಂತ ನಂಬೋಕೆ ನಾವೇನು ನಿನ್ನೆ ಹುಟ್ಟಿದವರಾ?

ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು. ಎರಡು ಗಂಟೆ ಜಗಳ ಆಯ್ತು. ನಾನು ಆ ಹುಡುಗಿಯ ಕಡೆ ನಿಂತೆ, ಈಗಲೂ ಅಲ್ಲೇ ಇದ್ದೀನಿ. ಯಾಕೆ ಅಂತ ಹೇಳ್ತೀನಿ.

ಮುಖದ ಕೆಳಗೆ ಜಾತಿ ಬರೆಯೋ ಚಾಳಿ ಹಳೇದು. 1868ರಿಂದ 1875ರವರೆಗೆ ಬ್ರಿಟಿಷರು ‘ದಿ ಪೀಪಲ್ ಆಫ್ ಇಂಡಿಯಾ’ ಅಂತ 8 ಸಂಪುಟ ಹೊರತಂದ್ರು. ಜಾನ್ ಫೋರ್ಬ್ಸ್ ವಾಟ್ಸನ್, ಜಾನ್ ವಿಲಿಯಂ ಕೇ ಅಂತ ಸಂಪಾದಕರು. ನೂರಾರು ಫೋಟೊ. ಕೆಳಗೆ ಮನುಷ್ಯನ ಹೆಸರಿನ ಜಾಗದಲ್ಲಿ ಬಹಳ ಕಡೆ ಜಾತಿಯ, ಬುಡಕಟ್ಟಿನ ಹೆಸರು, ಪಕ್ಕದಲ್ಲಿ ಆ ಜನ ಎಂಥವರು ಅಂತ ವಿವರಣೆ. ಒಬ್ಬ ಮನುಷ್ಯ ಕ್ಯಾಮೆರಾ ಮುಂದೆ ನಿಂತ, ಪುಸ್ತಕದಲ್ಲಿ ಅಚ್ಚಾಗುವಾಗ ಅವನು ಮನುಷ್ಯನಾಗಿ ಉಳೀಲಿಲ್ಲ, ಒಂದು ನಮೂನೆ ಆದ. 150 ವರ್ಷ ಆದ ಮೇಲೆ ಅದೇ ಕೆಲಸವನ್ನು ನಮ್ಮ ಕೈಯಿಂದಲೇ, ನಮ್ಮ ಅವ್ವಂದಿರ ಮೇಲೆ ಮಾಡಬೇಕಾ?

ಎರಡನೇದು, ಆ ಸೋಫಾದ ಕುಟುಂಬದ ಕೀವರ್ಡ್ ತೆಗೆದು ನೋಡಿ. ಅಪ್ಪ, ಅಮ್ಮ, ಮಕ್ಕಳು, ನಗು, ಮನೆ, ಸಂತೋಷ, ಇಂಡಿಯನ್. ಅವರ ಜಾತಿ ಎಲ್ಲಿ? ಅವರಿಗೆ ಜಾತಿ ಇಲ್ವಾ? ಅವರು ಬರೀ ‘ಇಂಡಿಯನ್’ ಆಗಬಹುದು, ನಮ್ಮವ್ವ ಮಾತ್ರ ‘ದಲಿತ್ ವುಮನ್’ ಆಗಬೇಕು. ಪೇಪರ್ ಓದೋ ಹೆಂಗಸು, ಇಂಡಿಯನ್, ತಾಯಿ, ಬೆಳಗು, ಮನೆ, ನೆಮ್ಮದಿ. ಈ ಪದಗಳನ್ನೆಲ್ಲ ಅವರಿಗೆ ಗುತ್ತಿಗೆ ಕೊಟ್ಟವರು ಯಾರು? ನಮ್ಮ ಕರೀ ಮುಖಗಳು ಆ ಪುಟಗಳಿಗೆ ನುಗ್ಗಬೇಕು. ‘ಎಂಜಿನಿಯರ್’ ಅಂತ ಹುಡುಕಿದವನಿಗೆ, ‘ಮದುಮಗಳು’ ಅಂತ ಹುಡುಕಿದವನಿಗೆ, ‘ಅಜ್ಜಿ’ ಅಂತ ಹುಡುಕಿದವನಿಗೆ ನಮ್ಮವರು ಎದುರಾಗಬೇಕು.

ಮೂರನೇದು ಇತ್ತೀಚಿನದು. ಈಗ ಬಾಯಲ್ಲಿ ಹೇಳಿದ್ರೆ ಚಿತ್ರ ಬರೆಯೋ ಎಐ ಯಂತ್ರಗಳು ಬಂದಿವೆಯಲ್ಲ, ಅವು ಕಲಿಯೋದು ಚಿತ್ರ ಮತ್ತು ಅದರ ಜೊತೆಗಿನ ಪದ ಎರಡನ್ನೂ ಜೋಡಿಸಿಕೊಂಡು. ಶಟರ್‌ಸ್ಟಾಕ್ ತನ್ನ ಚಿತ್ರಗಳನ್ನು ಓಪನ್‌ಎಐ ಕಂಪನಿಗೆ ಕಲಿಕೆಗೆ ಕೊಟ್ಟಿದೆ. ಅಡೋಬ್ 2023ರಲ್ಲಿ ತಂದ ಫೈರ್‌ಫ್ಲೈ ಕಲಿತದ್ದು ಅಡೋಬ್ ಸ್ಟಾಕ್ ಉಗ್ರಾಣದಿಂದ. ಇವತ್ತು ನಾವು ಯಾವ ಮುಖದ ಕೆಳಗೆ ಯಾವ ಪದ ಬರೀತೀವೋ ನಾಳೆ ಆ ಪದಕ್ಕೆ ಯಂತ್ರ ಅಂಥ ಮುಖವನ್ನೇ ಬರೆಯುತ್ತೆ. ‘ಡಾಕ್ಟರ್’ ಅಂದಾಗ ಯಾರನ್ನು ಬರೀಬೇಕು, ‘ಕೂಲಿ’ ಅಂದಾಗ ಯಾರನ್ನು ಬರೀಬೇಕು ಅಂತ ಅದಕ್ಕೆ ಪಾಠ ಆಗ್ತಾ ಇರೋದು ಈ ಬಾಕ್ಸಿನಲ್ಲೇ. ಮನುಷ್ಯರು ಮುಖ ನೋಡಿ ಜಾತಿ ಅಂದಾಜು ಮಾಡೋದು ಸಾಲದು ಅಂತ ಯಂತ್ರಕ್ಕೂ ಕಲಿಸೋ ಕೆಲಸ ನನ್ನ ಕೈಯಿಂದ ಬೇಡ.

ನಮ್ಮ ಗೆಳೆಯರು ಇದಕ್ಕೆ ಒಪ್ಪಲ್ಲ. ‘ಇದು ಬೆಂಗಳೂರಿನಲ್ಲಿ ಬಾಡಿಗೆ ಮನೆಗೋಸ್ಕರ ಜಾತಿ ಮುಚ್ಚಿಡೋ ಥರ ಆಯ್ತಲ್ಲ’ ಅಂತಾರೆ. ದಲಿತ ಅನ್ನೋ ಪದವನ್ನು ಬೀದಿಯಲ್ಲಿ ಎದೆ ತಟ್ಟಿ ಕೂಗಿದ ಪರಂಪರೆ ನಮ್ಮದು, ದಸಂಸ ಕಟ್ಟಿದವರು ಆ ಪದಕ್ಕೆ ಮರ್ಯಾದೆ ತಂದುಕೊಟ್ರು, ಈಗ ನೀವು ಅದನ್ನೇ ಬಿಡ್ತೀರಾ ಅಂತ ಕೇಳ್ತಾರೆ. ಅಣ್ಣಾ, ಬಿಡ್ತಾ ಇಲ್ಲ. ಆ ಪದವನ್ನು ನನ್ನ ಬಾಯಿಂದ ನಾನು ಹೇಳಿಕೊಂಡಾಗ ಅದು ನನ್ನ ಮುಷ್ಟಿ. ಇನ್ನೊಬ್ಬರ ಮುಖಕ್ಕೆ ನಾನು ಅಂಟಿಸಿದಾಗ ಅದು ಚೀಟಿ.

ಹಾಗಾದ್ರೆ ಆ ಪದದ ಪುಟ ಪೊರಕೆಗೇ ಬಿಟ್ಟುಬಿಡೋದಾ? ಅದೂ ಇಲ್ಲ. ಮುಖ ಇಲ್ಲದ ಫೋಟೊಗಳಿಗೆ ಧಾರಾಳವಾಗಿ ಬರೀರಿ. ಆ ಖಾಲಿ ಕುರ್ಚಿಯ ನೀಲಿ ಕೋಟಿಗೆ ಬರೀರಿ. ನೀರಿನಲ್ಲಿ ಅಲ್ಲಾಡೋ ಬಾವುಟಕ್ಕೆ, ಪಂಜಿನ ಗೆರೆಗಳಿಗೆ, ಬುದ್ಧವಿಹಾರದ ಮೆಟ್ಟಿಲಿಗೆ, ಕೇರಿಯ ಗ್ರಂಥಾಲಯದ ಕಪಾಟಿಗೆ, ಸಂವಿಧಾನ ಹಿಡಿದ ಕೈಗಳಿಗೆ ಬರೀರಿ. ಆ ಪದ ಹುಡುಕಿದವನ ಪರದೆ ತುಂಬ ಪುಸ್ತಕ, ಬೆಂಕಿ, ನೀಲಿ ಬರಲಿ. ವಯಸ್ಸಿಗೆ ಬಂದವರು ಯಾರಾದ್ರೂ ಎಲ್ಲ ತಿಳಿದು ‘ನನ್ನ ಮುಖದ ಜೊತೆ ಬರೀರಿ, ನನಗೆ ಹೆಮ್ಮೆ’ ಅಂದ್ರೆ ಬರೀರಿ, ಅದು ಅವರ ಮಾತು. ಮಕ್ಕಳ ಮುಖಕ್ಕೆ ಮಾತ್ರ ಯಾವ ಕಾರಣಕ್ಕೂ ಬೇಡ. ಅಪ್ಪ ಅಮ್ಮ ಸಹಿ ಹಾಕಿದ್ರೂ ಬೇಡ. ಆ ಮಗು ಇಪ್ಪತ್ತು ವರ್ಷ ಆದ ಮೇಲೆ ಏನು ಹೇಳಿಕೊಳ್ಳುತ್ತೋ ಅದಕ್ಕೆ ಬಿಡೋಣ.

ತಮಟೆಯ ವಿಷಯದಲ್ಲಿ ನನಗೇ ಇನ್ನೂ ಸಮಾಧಾನ ಇಲ್ಲ. 2023ರಲ್ಲಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗೇ ಪದ್ಮಶ್ರೀ ಬಂದಾಗ ನಮ್ಮೂರಲ್ಲಿ ಸಿಹಿ ಹಂಚಿದ್ವಿ. ಅದೇ ತಮಟೆಯನ್ನು ಸಾವಿಗೆ, ಜಾತ್ರೆಗೆ ಬಿಟ್ಟಿ ಬಡೀಬೇಕು ಅಂತ ಹೇರಿದ್ದೂ ಉಂಟು, ಬಡಿಯಲ್ಲ ಅಂದವರಿಗೆ ಬಹಿಷ್ಕಾರ ಹಾಕಿದ್ದೂ ಉಂಟು. ಬೆಂಕಿ ಹಿಂದಿನ ಆ ಕೆಂಪು ಚಂದ್ರನಿಗೆ ಜಾತಿಯ ಹೆಸರು ಬರೆದ್ರೆ ಕಲೆಗೆ ಹೆಸರು ಕೊಟ್ಟ ಹಾಗಾಗುತ್ತಾ, ಬಿಟ್ಟಿ ಚಾಕರಿಗೆ ಮೊಹರು ಹಾಕಿದ ಹಾಗಾಗುತ್ತಾ? ಆ ಹುಡುಗ ‘ಜಾನಪದ, ಚರ್ಮವಾದ್ಯ, ಕರ್ನಾಟಕ, ಬೆಂಕಿ’ ಅಂತ ಬರೆದು ನಿಲ್ಲಿಸಿದ್ದಾನೆ. ನಿಮಗೆ ಬೇರೆ ಥರ ಅನ್ನಿಸಿದ್ರೆ ಕಾಮೆಂಟಿನಲ್ಲಿ ಬರೀರಿ, ನಾನು ಕಲೀತೀನಿ.

ನನ್ನ ದಾರಿಗೂ ಒಂದು ಬೆಲೆ ಇದೆ, ಅದನ್ನೂ ಹೇಳಬೇಕು. ನಾಳೆ ಪಠ್ಯಪುಸ್ತಕ ಮಾಡೋ ಒಳ್ಳೆ ಮನಸ್ಸಿನವರೊಬ್ಬರು ನಗ್ತಾ ಇರೋ ದಲಿತ ಕುಟುಂಬದ ಫೋಟೊ ಬೇಕು ಅಂತ ಹುಡುಕಿದ್ರೆ ನಮ್ಮದು ಸಿಗಲ್ಲ. ‘ಫ್ಯಾಮಿಲಿ’ ಅಂತ ಹುಡುಕಿದ್ರೆ ಸಿಗುತ್ತೆ. ಸಿಕ್ಕಾಗ ಇವರು ಯಾರು ಅಂತ ಅವರಿಗೆ ಗೊತ್ತಾಗಲ್ಲ. ಗೊತ್ತಾಗದೆ ತಗೊಂಡು ‘ನಮ್ಮ ಕುಟುಂಬ’ ಅನ್ನೋ ಪಾಠಕ್ಕೆ ಹಾಕಿದ್ರೆ ನನಗೆ ಅದೇ ಸಾಕು.

ಫೋನ್ ಮಾಡಿದ ಗೆಳೆಯರಿಗೆ ಇನ್ನೊಂದು ಮಾತು. ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಾಸ್ 19ನೇ ಶತಮಾನದ ಅಮೆರಿಕದಲ್ಲಿ ಎಲ್ಲರಿಗಿಂತ ಹೆಚ್ಚು ಫೋಟೊ ತೆಗೆಸಿಕೊಂಡ ಮನುಷ್ಯ. ಸುಮಾರು 160 ಫೋಟೊ ಸಿಕ್ಕಿವೆ. ಬಿಳಿಯರು ಕರಿಯರನ್ನು ಕೋಡಂಗಿಗಳ ಹಾಗೆ ಚಿತ್ರಿಸ್ತಿದ್ದ ಕಾಲದಲ್ಲಿ ಆತ ಒಳ್ಳೆ ಕೋಟು ಹಾಕಿ, ನಗದೆ, ನೇರವಾಗಿ ಕೂತು ತೆಗೆಸಿಕೊಂಡ. ಫೋಟೊ ಬಗ್ಗೆ ಭಾಷಣಗಳನ್ನೂ ಮಾಡಿದ. ಬಾಬಾಸಾಹೇಬರ ಸೂಟು ಬೂಟಿನ ಬಗ್ಗೆ ನಾನು ನಿಮಗೆ ಹೇಳಿಕೊಡಬೇಕಾ?

ಬರೋ ಭಾನುವಾರ ಬೆಳಗ್ಗೆ 6 ಗಂಟೆಗೆ ನಮ್ಮ ಅಧ್ಯಯನ ಕೇಂದ್ರದ ಹತ್ತಿರ ಸೇರ್ತೀವಿ. ಕ್ಯಾಮೆರಾ ಇರಲೇಬೇಕು ಅಂತಿಲ್ಲ, ನಾಲ್ಕು ಮೆಗಾಪಿಕ್ಸೆಲ್‌ಗಿಂತ ಮೇಲಿನ ಯಾವ ಮೊಬೈಲಾದ್ರೂ ನಡೆಯುತ್ತೆ, ಈಗ ಎಲ್ಲರ ಕೈಯಲ್ಲೂ ಅದಕ್ಕಿಂತ ಒಳ್ಳೇದೇ ಇದೆ. ಚಾರ್ಜ್ ಮಾಡಿಕೊಂಡು, ಮೆಮೊರಿ ಖಾಲಿ ಮಾಡಿಕೊಂಡು ಬನ್ನಿ. ಹೆಣ್ಣುಮಕ್ಕಳು ಅವ್ವಂದಿರನ್ನೂ ಕರ್ಕೊಂಡು ಬನ್ನಿ, ಚಹಾ ಉಪ್ಪಿಟ್ಟು ನಮ್ಮದು. ಒಂದು ಬಿಳಿ ಪಂಚೆ ಬೇಕಾಗಿದೆ, ಕಲೆ ಇಲ್ಲದ್ದು. ಹಳೇದು ಹರಿದು ಹೋಗಿದೆ.